ಹತ್ತಿಯ ಹೊಲಕ್ಕೆ ಕಾವಲು ನಿಂತ ವಿಜ್ಞಾನಿ: ಹೆರಾಲ್ಡ್ ಮ್ಯಾಕ್ಸ್‌ವೆಲ್-ಲೆಫ್ರಾಯ್

ದೇಶವನ್ನು ಕಾಯುವವರೆಂದೊಡನೆ ಗಡಿಯಲ್ಲಿ ನಿಂತ ಯೋಧರ ಚಿತ್ರವೇ ನಮ್ಮ ಕಣ್ಣಮುಂದೆ ಬರುತ್ತದೆ. ಅದು ಸಹಜವೇ ಆಗಿದೆ. ಆದರೆ ಬಂದೂಕಿಗೆ ಹೆದರದ, ಕಣ್ಣಿಗೆ ಸುಲಭವಾಗಿ ಬೀಳದ ಶತ್ರುಗಳೂ ಲೋಕದಲ್ಲಿ ಉಂಟು. ಒಂದು ಬೀಜದೊಳಗೆ ಮುದುಡಿ ಮಲಗಿ, ಹಡಗನ್ನೇರಿ ಸಾಗರವನ್ನು ದಾಟಿ ಬಂದು, ಕೆಲವೇ ವರ್ಷಗಳಲ್ಲಿ ಒಂದು ನಾಡಿನ ರೈತರನ್ನೆಲ್ಲ ಸಾಲಕ್ಕೆ ತಳ್ಳಬಲ್ಲ ಹುಳುಗಳು ಅಂತಹ ಶತ್ರುಗಳು. ಇವುಗಳನ್ನು ಬಾಗಿಲಲ್ಲಿಯೇ ತಡೆಯಬೇಕೆಂಬ ವಿವೇಕವು ಭಾರತದಲ್ಲಿ ಮೊಳೆತ ಕಾಲದಲ್ಲಿ, ಸರ್ಕಾರಕ್ಕೆ ಕೀಟಗಳ ವಿಷಯದಲ್ಲಿ ಸಲಹೆ ನೀಡುವ ಸ್ಥಾನದಲ್ಲಿದ್ದವರು ಹೆರಾಲ್ಡ್ ಮ್ಯಾಕ್ಸ್‌ವೆಲ್-ಲೆಫ್ರಾಯ್ ಅವರು. ಆ ಮಹನೀಯರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸುತ್ತೇವೆ.

ಯಮುನೆಯ ಪೂರ್ವದಡದ ನಮ್ಮ ಲಕ್ಷ್ಮೀ ನಗರದಲ್ಲಿ ಹತ್ತಿಯ ಹೊಲಗಳಿಲ್ಲ. ಆದರೂ ಈ ಕಥೆ ನಮಗೆ ದೂರದ್ದಲ್ಲ. ಇಲ್ಲಿಂದ ಮೆಟ್ರೋ ರೈಲಿನ ನೀಲಿ ಮಾರ್ಗದಲ್ಲಿ ಹೊರಟು, ನದಿಯನ್ನು ದಾಟಿ, ರಾಜೇಂದ್ರ ಪ್ಲೇಸ್, ಪಟೇಲ್ ನಗರಗಳ ಕಡೆಗೆ ಹೋದರೆ ಪೂಸಾ ಎಂದು ಪ್ರಸಿದ್ಧವಾದ ಕೃಷಿ ಸಂಶೋಧನಾ ಕ್ಷೇತ್ರವು ಸಿಗುತ್ತದೆ. ಲೆಫ್ರಾಯ್ ಅವರು ದುಡಿದ ಸಂಸ್ಥೆಯೇ ಇಂದು ಅಲ್ಲಿ ನೆಲೆಗೊಂಡಿದೆ. ಇನ್ನು ಧಾರವಾಡ, ಗದಗ, ಹಾವೇರಿ, ರಾಯಚೂರುಗಳಿಂದ ದಿಲ್ಲಿಗೆ ಬಂದ ಕನ್ನಡಿಗರ ಮನೆಗಳಲ್ಲಿ ಹತ್ತಿಯ ಬೆಳೆಯೆಂದರೆ ಏನೆಂಬುದನ್ನು ವಿವರಿಸಬೇಕಾಗಿಯೇ ಇಲ್ಲ. ಹತ್ತಿ ಕೈಗೆ ಬಂದ ವರ್ಷ ಮನೆಯಲ್ಲಿ ಮದುವೆ. ಕೈಕೊಟ್ಟ ವರ್ಷ ಸಾಲ.

ಲೆಫ್ರಾಯ್ ಅವರು 1877ರಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದಲ್ಲಿ ಜನಿಸಿದರು. ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ ನಿಸರ್ಗವಿಜ್ಞಾನವನ್ನು ಅಭ್ಯಾಸಮಾಡಿ ಉತ್ತೀರ್ಣರಾದರು. 1899ರಲ್ಲಿ, ಇಪ್ಪತ್ತೆರಡರ ತಾರುಣ್ಯದಲ್ಲಿಯೇ, ವೆಸ್ಟ್ ಇಂಡೀಸ್ ದ್ವೀಪಗಳ ಕೃಷಿ ಇಲಾಖೆಯ ಕೀಟತಜ್ಞರಾಗಿ ಬಾರ್ಬಡೋಸಿಗೆ ತೆರಳಿದರು. ಕಬ್ಬಿನ ಕಾಂಡವನ್ನು ಕೊರೆಯುವ ಹುಳುವಿನ ಅಧ್ಯಯನವು ಅಲ್ಲಿ ಅವರ ಮುಖ್ಯ ಕಾರ್ಯವಾಗಿತ್ತು. ಹುಳುವನ್ನು ಗೆಲ್ಲಬೇಕಾದರೆ ಮೊದಲು ಅದರ ಜನ್ಮವೃತ್ತಾಂತವನ್ನು ತಿಳಿಯಬೇಕು. ಅದು ಎಲ್ಲಿ ಮೊಟ್ಟೆಯಿಡುತ್ತದೆ, ಯಾವ ಋತುವಿನಲ್ಲಿ ಅಡಗಿರುತ್ತದೆ, ಅದನ್ನು ತಿನ್ನುವ ಜೀವಿ ಯಾವುದು ಎಂಬುದನ್ನೆಲ್ಲ ಅರಿಯದೆ ಔಷಧವನ್ನು ಹುಡುಕುವುದು ಕತ್ತಲೆಯಲ್ಲಿ ಕಲ್ಲು ಎಸೆದಂತೆ. ಲೆಫ್ರಾಯ್ ಅವರ ಕಾರ್ಯವೆಲ್ಲವೂ ಈ ತತ್ತ್ವದ ಮೇಲೆಯೇ ನಡೆಯಿತು.

1903ರಲ್ಲಿ ಅವರು ಭಾರತ ಸರ್ಕಾರದ ಕೀಟತಜ್ಞರಾಗಿ ನಮ್ಮ ದೇಶಕ್ಕೆ ಬಂದರು. ಆಗ ಲಾರ್ಡ್ ಕರ್ಜನ್ನರು ವೈಸರಾಯರಾಗಿದ್ದರು. ಹೆನ್ರಿ ಫಿಪ್ಸ್ ಎಂಬ ಅಮೆರಿಕದ ದಾನಿಯ ನೆರವಿನಿಂದ ಬಿಹಾರದ ಪೂಸಾ ಎಂಬ ಹಳ್ಳಿಯಲ್ಲಿ ಕೃಷಿ ಸಂಶೋಧನಾ ಸಂಸ್ಥೆಯೊಂದು ರೂಪುಗೊಂಡು, 1905ರಲ್ಲಿ ಅದಕ್ಕೆ ಅಸ್ತಿಭಾರವನ್ನು ಹಾಕಲಾಯಿತು. ಲೆಫ್ರಾಯ್ ಅವರು ಅಲ್ಲಿಯ ಪ್ರಥಮ ಸಾಮ್ರಾಜ್ಯ ಕೀಟತಜ್ಞರಾದರು. ಇಷ್ಟು ವಿಶಾಲವಾದ ದೇಶದ ಬೆಳೆಗಳಿಗೆ ತಗಲುವ ಕೀಟಗಳನ್ನು ಅರಿಯುವುದು ಸುಲಭದ ಕಾರ್ಯವಾಗಿರಲಿಲ್ಲ. ಅವರು ಭಾರತೀಯ ಸಹಾಯಕರನ್ನು ತರಬೇತುಗೊಳಿಸಿ, ಹುಳುಗಳನ್ನು ಸಾಕಿ, ಅವುಗಳ ಪ್ರತಿಯೊಂದು ಅವಸ್ಥೆಯನ್ನೂ ದಾಖಲಿಸುವ ಕಾರ್ಯವನ್ನು ಆರಂಭಿಸಿದರು. ಇದರ ಫಲವಾಗಿ 1906ರಲ್ಲಿ ಭಾರತದ ಕೀಟಪೀಡೆಗಳನ್ನು ಕುರಿತ ಗ್ರಂಥವೂ, 1909ರಲ್ಲಿ ಭಾರತದ ಕೀಟಜೀವನವನ್ನು ಕುರಿತ ಬೃಹದ್ಗ್ರಂಥವೂ ಹೊರಬಂದವು. ಎರಡನೆಯದು ಬಹುಕಾಲ ಈ ಶಾಸ್ತ್ರದ ವಿದ್ಯಾರ್ಥಿಗಳಿಗೆ ಆಧಾರಗ್ರಂಥವಾಗಿತ್ತು.

1905ರಲ್ಲಿ ಪಂಜಾಬ ಮತ್ತು ಸಿಂಧ್ ಪ್ರಾಂತಗಳ ಹತ್ತಿಗೆ ದೊಡ್ಡ ವಿಪತ್ತು ಒದಗಿತು. ಚುಕ್ಕೆ ಕಾಯಿಕೊರಕ ಹುಳು ಎಳೆಯ ಕುಡಿಗಳನ್ನೂ ಕಾಯಿಗಳನ್ನೂ ಕೊರೆದು ಬೆಳೆಯನ್ನು ನಾಶಮಾಡಿತು. ಲೆಫ್ರಾಯ್ ಅವರು ಇದರ ಪರಿಶೀಲನೆಗೆ ತೊಡಗಿದರು. ಸುಗ್ಗಿ ಮುಗಿದ ಮೇಲೆಯೂ ಹೊಲದಲ್ಲಿ ನಿಂತಿರುವ ಹಳೆಯ ಹತ್ತಿಗಿಡಗಳು ಈ ಹುಳುವಿಗೆ ತವರುಮನೆಯಾಗಿರುತ್ತವೆ. ಹತ್ತಿಯಿಲ್ಲದಾಗ ಬೆಂಡೆಯ ಗಿಡವೂ ಅದಕ್ಕೆ ಆಶ್ರಯವೇ. ಆದ್ದರಿಂದ ಹಳೆಯ ಗಿಡಗಳನ್ನು ಕಿತ್ತುಹಾಕುವುದು ಮೊದಲ ಪರಿಹಾರ. ಹುಳುವಿನ ಮೈಮೇಲೆ ಬೆಳೆದು ಅದನ್ನು ಕೊಲ್ಲುವ ಸಣ್ಣ ಕಣಜಗಳ ನೆರವನ್ನು ಪಡೆಯುವುದು ಮತ್ತೊಂದು. ಅಂತಹ ಕಣಜದ ಒಂದು ಜಾತಿಗೆ ವಿಜ್ಞಾನಿಗಳು ಲೆಫ್ರಾಯ್ ಅವರ ಹೆಸರನ್ನೇ ಇಟ್ಟಿದ್ದಾರೆ. ಶಿಲಾಪ್ರತಿಮೆಗಿಂತ ಈ ಸ್ಮಾರಕವೇ ಅವರಿಗೆ ಒಪ್ಪುವಂತಹದು.

ಇದೇ ಕಾಲದಲ್ಲಿ ಅಮೆರಿಕದಿಂದ ಭಯಂಕರವಾದ ವಾರ್ತೆಗಳು ಬರುತ್ತಿದ್ದವು. ಮೆಕ್ಸಿಕೋ ದೇಶದ ಹತ್ತಿಯ ಮೂತಿಹುಳು ಸುಮಾರು 1892ರಲ್ಲಿ ರಿಯೋ ಗ್ರಾಂಡೆ ನದಿಯನ್ನು ದಾಟಿ ಟೆಕ್ಸಾಸ್ ಸೀಮೆಯನ್ನು ಹೊಕ್ಕಿತು. ಕಾಳಿನಷ್ಟೇ ಇರುವ ಈ ಹುಳು ತನ್ನ ಉದ್ದನೆಯ ಮೂತಿಯಿಂದ ಹತ್ತಿಯ ಮೊಗ್ಗನ್ನು ಚುಚ್ಚಿ, ಅದರೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನ ತಿರುಳನ್ನು ತಿನ್ನುತ್ತದೆ. ಮೊಗ್ಗು ಅರಳುವ ಮೊದಲೇ ಉದುರುತ್ತದೆ. ವರ್ಷವರ್ಷವೂ ಅದು ಪೂರ್ವದಿಕ್ಕಿಗೆ ಹಬ್ಬುತ್ತ ಬಂದು, ಮೂವತ್ತು ವರ್ಷಗಳಲ್ಲಿ ಅಮೆರಿಕದ ಹತ್ತಿಸೀಮೆಯ ಬಹುಭಾಗವನ್ನು ಆಕ್ರಮಿಸಿತು. ಈ ಹುಳು ಅಂಡಿಗೆಗಳಲ್ಲಿ ಅಡಗಿ ಮುಂಬಯಿಗೆ ಬಂದಿಳಿದರೆ ಗತಿಯೇನು? ಒಮ್ಮೆ ಹೊಲಕ್ಕೆ ಹೊಕ್ಕ ಮೇಲೆ ಅದನ್ನು ಹೊರಗಟ್ಟುವುದು ದುಸ್ಸಾಧ್ಯ. ಆದ್ದರಿಂದ 1906ರಲ್ಲಿ ಭಾರತ ಸರ್ಕಾರವು ಹೊರಗಿನಿಂದ ಬರುವ ಹತ್ತಿಯ ಅಂಡಿಗೆಗಳಿಗೆ ವಿಷಧೂಮವನ್ನು ಹಾಯಿಸುವುದನ್ನು ಕಡ್ಡಾಯಗೊಳಿಸಿತು. ನಮ್ಮ ದೇಶದ ಸಸ್ಯ ಕ್ವಾರಂಟೈನ್ ವ್ಯವಸ್ಥೆಯ ಮೊದಲ ಹೆಜ್ಜೆ ಇದೇ ಎನ್ನುವುದುಂಟು.

ಕ್ವಾರಂಟೈನ್ ಎಂಬ ಶಬ್ದವು ಪ್ಲೇಗು ಮತ್ತು ಕೊರೊನಾ ಕಾಲಗಳಿಂದ ನಮಗೆ ಪರಿಚಿತವಾಗಿದೆ. ಹಿಂದೆ ವೆನಿಸ್ ನಗರದವರು ಪ್ಲೇಗಿನ ಭಯದಿಂದ ಹಡಗುಗಳನ್ನು ನಲವತ್ತು ದಿನ ಬಂದರಿನ ಹೊರಗೆ ತಡೆದು ನಿಲ್ಲಿಸುತ್ತಿದ್ದರು. ನಲವತ್ತು ಎಂಬ ಎಣಿಕೆಯಿಂದಲೇ ಆ ಹೆಸರು ಬಂದಿದೆ. ಮನುಷ್ಯರಿಗಿದ್ದ ಆ ನಿಯಮವನ್ನು ಗಿಡ, ಬೀಜ, ಕಾಯಿಗಳಿಗೂ ಅನ್ವಯಿಸಿದುದೇ ಸಸ್ಯ ಕ್ವಾರಂಟೈನ್.

ಇಲ್ಲಿ ಒಂದು ವಿಪರ್ಯಾಸವನ್ನು ನಾವು ಮರೆಯಬಾರದು. ಅಮೆರಿಕದ ಹುಳು ಒಳಗೆ ಬಾರದಂತೆ ಭಾರತವು ಬಾಗಿಲನ್ನು ಕಾಯುತ್ತಿದ್ದ ದಿನಗಳಲ್ಲಿಯೇ, ಭಾರತದ ಹುಳುವೊಂದು ಸದ್ದಿಲ್ಲದೆ ಹೊರಗೆ ಹೊರಟಿತು. ಅದೇ ಗುಲಾಬಿ ಕಾಯಿಕೊರಕ. ಗುಜರಾತಿನ ಭರೂಚಿನಿಂದ ದೊರೆತ ಮಾದರಿಗಳ ಆಧಾರದಿಂದ 1840ರ ದಶಕದಲ್ಲಿ ಸಾಂಡರ್ಸ್ ಎಂಬ ಆಂಗ್ಲ ವಿದ್ವಾಂಸರು ಇದನ್ನು ಮೊದಲು ವರ್ಣಿಸಿದ್ದರು. ಇದರ ಮರಿಯು ಎರಡು ಬೀಜಗಳನ್ನು ನೂಲಿನಿಂದ ಒಂದಕ್ಕೊಂದು ಅಂಟಿಸಿ, ಅವುಗಳ ನಡುವೆ ತಿಂಗಳುಗಟ್ಟಲೆ ಆಹಾರವಿಲ್ಲದೆ ನಿದ್ರಿಸಬಲ್ಲದು. ಸುಮಾರು 1906–07ರಲ್ಲಿ ಇದು ಭಾರತದ ಹತ್ತಿಯೊಡನೆ ಈಜಿಪ್ತನ್ನು ಸೇರಿತು. ಅಲ್ಲಿಂದ ಬೀಜಗಳೊಡನೆ 1911ರ ಹೊತ್ತಿಗೆ ಮೆಕ್ಸಿಕೋ ದೇಶಕ್ಕೆ ಹೋಯಿತು. 1917ರಲ್ಲಿ ಟೆಕ್ಸಾಸಿನಲ್ಲಿ ಕಾಣಿಸಿಕೊಂಡಿತು. ಹೊರಗಿನಿಂದ ಬರುವುದನ್ನು ತಡೆಯುವಷ್ಟೇ ಎಚ್ಚರವು ನಮ್ಮಿಂದ ಹೋಗುವುದರ ವಿಷಯದಲ್ಲಿಯೂ ಇರಬೇಕೆಂಬ ಪಾಠವನ್ನು ಲೋಕವು ಬಹಳ ಬೆಲೆ ತೆತ್ತು ಕಲಿಯಿತು. ನೆರೆಮನೆಗೆ ರೋಗವನ್ನು ಕಳುಹಿಸಿ ನಮ್ಮ ಮನೆಯೊಂದನ್ನೇ ಶುಚಿಯಾಗಿಡುವುದು ಸಾಧ್ಯವಿಲ್ಲ.

ಲೆಫ್ರಾಯ್ ಅವರು ಭಾರತವನ್ನು ಬಿಟ್ಟು ಸ್ವದೇಶಕ್ಕೆ ಮರಳಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯವನ್ನು ಬಾಧಿಸುತ್ತಿದ್ದ ನೊಣಗಳನ್ನು ಅಡಗಿಸಲು ಮೆಸೊಪೊಟೇಮಿಯಾಕ್ಕೂ, ದಾಸ್ತಾನಾಗಿದ್ದ ಗೋಧಿಯನ್ನು ಮೂತಿಹುಳುಗಳಿಂದ ಕಾಪಾಡಲು ಆಸ್ಟ್ರೇಲಿಯಾಕ್ಕೂ ಹೋಗಿಬಂದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಭಾಭವನದ ಶತಮಾನಗಳ ಹಳೆಯ ಮರದ ಮಾಡನ್ನು ಕೀಟಗಳು ಒಳಗೊಳಗೇ ಟೊಳ್ಳುಮಾಡಿದ್ದಾಗ, ಅದರ ರಕ್ಷಣೆಗೆ ಔಷಧವನ್ನು ಸಿದ್ಧಪಡಿಸಿದವರೂ ಅವರೇ. ಆ ಔಷಧದಿಂದ ಬೆಳೆದ ಉದ್ಯಮವು ಇಂದು ರೆಂಟೊಕಿಲ್ ಎಂಬ ಹೆಸರಿನಿಂದ ಅನೇಕ ದೇಶಗಳಲ್ಲಿ ಹಬ್ಬಿದೆ.

ಅವರ ಅಂತ್ಯವು ದುಃಖಕರವಾದುದು. ಕೀಟಗಳನ್ನು ಕೊಲ್ಲುವ ವಿಷಾನಿಲಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುತ್ತಿದ್ದಾಗ ಅವರು ಆ ಅನಿಲಕ್ಕೇ ಸಿಲುಕಿ ಪ್ರಜ್ಞೆತಪ್ಪಿ ಬಿದ್ದರು. ಕೆಲವು ದಿನಗಳ ಬಳಿಕ, 1925ನೆಯ ಅಕ್ಟೋಬರ್ 14ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ ದಿವಂಗತರಾದರು. ಪರರ ಬೆಳೆಯನ್ನೂ ಧಾನ್ಯವನ್ನೂ ಉಳಿಸಲು ಹೋರಾಡಿದ ಜೀವವು ಆ ಹೋರಾಟದಲ್ಲಿಯೇ ಕೊನೆಗೊಂಡಿತು.

ಅವರು ಕಂಡ ಮೊದಲ ಹೆಜ್ಜೆಯು ಮುಂದೆ ದಾರಿಯಾಗಿ ಬೆಳೆಯಿತು. 1914ನೆಯ ಫೆಬ್ರುವರಿ 3ರಂದು ವಿನಾಶಕಾರಿ ಕೀಟ ಮತ್ತು ಪೀಡೆಗಳ ಅಧಿನಿಯಮವು ಜಾರಿಗೆ ಬಂದಿತು. 1920ರ ದಶಕದಲ್ಲಿ ಅಮೆರಿಕದ ಹತ್ತಿಯು ಮುಂಬಯಿ ಬಂದರಿನ ಮೂಲಕ ಮಾತ್ರ, ಅದೂ ವಿಷಧೂಮದ ಸಂಸ್ಕಾರವಾದ ಮೇಲೆಯೇ ಒಳಬರಬೇಕೆಂಬ ನಿಯಮವಾಯಿತು. ಒಳನಾಡಿನಲ್ಲಿಯೂ ಕಾನೂನು ಬೇಕೆಂದು ಮದ್ರಾಸ್ ಪ್ರಾಂತವು 1919ರಲ್ಲಿ ಬೆಳೆಯ ಪೀಡೆ ಮತ್ತು ರೋಗಗಳ ಅಧಿನಿಯಮವನ್ನು ರಚಿಸಿತು. ನಮ್ಮ ಬಳ್ಳಾರಿಯೂ ದಕ್ಷಿಣ ಕನ್ನಡವೂ ಆಗ ಆ ಪ್ರಾಂತಕ್ಕೇ ಸೇರಿದ್ದವು. ಕೊಯಮತ್ತೂರಿನ ಕಡೆಯ ಕಾಂಬೋಡಿಯಾ ಹತ್ತಿಯ ಗಿಡಗಳನ್ನು ನಿಗದಿಯಾದ ದಿನದೊಳಗೆ ಕೀಳಲೇಬೇಕೆಂದು ಆ ಕಾನೂನಿನ ಮೂಲಕ ವಿಧಿಸಲಾಯಿತು. ಹುಳುವಿಗೆ ಕೆಲವು ತಿಂಗಳು ಉಪವಾಸ ಬೀಳುವಂತೆ ಮಾಡುವುದೇ ಇದರ ಉದ್ದೇಶ.

ಮೈಸೂರು ಸಂಸ್ಥಾನದಲ್ಲಿಯೂ 1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಬಂದು ಅಡಿಕೆಯ ಕೊಳೆರೋಗವನ್ನೂ ಜೋಳದ ಮಿಡತೆಯನ್ನೂ ಅಭ್ಯಾಸಮಾಡಿದರು. ಹೀಗೆ ಕನ್ನಡ ನಾಡಿನ ತೋಟ, ಹೊಲಗಳೂ ಈ ಹೊಸ ಶಾಸ್ತ್ರದ ಬೆಳಕನ್ನು ಕಂಡವು.

ಪೂಸಾದ ಕಟ್ಟಡವು 1934ರ ಬಿಹಾರದ ಭೂಕಂಪದಲ್ಲಿ ಜಖಂಗೊಂಡುದರಿಂದ, ಸಂಸ್ಥೆಯು 1936ರಲ್ಲಿ ದಿಲ್ಲಿಗೆ ಬಂದಿತು. ಊರು ಬದಲಾದರೂ ಹೆಸರು ಉಳಿಯಿತು. 1946ರಲ್ಲಿ ಸಸ್ಯಸಂರಕ್ಷಣೆ ಮತ್ತು ಕ್ವಾರಂಟೈನ್ ನಿರ್ದೇಶನಾಲಯವು ಸ್ಥಾಪಿತವಾಯಿತು. ಅದರ ಕೇಂದ್ರ ಕಾರ್ಯಾಲಯವು ನಮ್ಮ ನೆರೆಯ ಫರೀದಾಬಾದಿನಲ್ಲಿದೆ. 1951ರಲ್ಲಿ ಮುಂಬಯಿಯಲ್ಲಿ ಕ್ವಾರಂಟೈನ್ ಮತ್ತು ವಿಷಧೂಮ ಕೇಂದ್ರವು ಆರಂಭವಾಯಿತು. ಇಂದು 2003ರ ಸಸ್ಯ ಕ್ವಾರಂಟೈನ್ ಆದೇಶದ ಮೇರೆಗೆ, ಹೊರದೇಶದ ಬೀಜವೊಂದು ಒಳಬರಬೇಕಾದರೆ ಅನುಮತಿ, ಆರೋಗ್ಯಪತ್ರ, ತಪಾಸಣೆ ಎಂಬ ಮೆಟ್ಟಿಲುಗಳನ್ನು ಏರಿಯೇ ಬರಬೇಕು.

ಇದರ ಫಲವೇನೆಂದು ಕೆಲವರು ಕೇಳಬಹುದು. ಅಮೆರಿಕದ ಮೂತಿಹುಳು ಭಾರತದ ಹತ್ತಿಹೊಲದಲ್ಲಿ ಇಂದಿಗೂ ನೆಲೆಯೂರಿಲ್ಲ. ಬ್ರೆಜಿಲ್ ದೇಶಕ್ಕೆ ಅದು 1983ರಲ್ಲಿ ಹೊಕ್ಕು ಅಪಾರ ಹಾನಿಯನ್ನುಂಟುಮಾಡಿತು. ಆದರೆ ಕಾವಲು ಯಾವಾಗಲೂ ಗೆಲ್ಲುವುದಿಲ್ಲವೆಂಬುದೂ ನಿಜ. ಅಮೆರಿಕ ಮೂಲದ ಹಿಟ್ಟುತಿಗಣೆಯೊಂದು 2005ರ ಸುಮಾರಿಗೆ ಭಾರತದ ಹತ್ತಿಗೆ ತಗಲಿ ಗುಜರಾತ, ಪಂಜಾಬಗಳ ರೈತರನ್ನು ಕಂಗೆಡಿಸಿತು. ನಮ್ಮದೇ ಆದ ಗುಲಾಬಿ ಕಾಯಿಕೊರಕವು 2002ರಲ್ಲಿ ಬಂದ ಬಿಟಿ ಹತ್ತಿಯ ವಿಷವನ್ನೂ ಕ್ರಮೇಣ ಜೀರ್ಣಿಸಿಕೊಂಡು, ಕರ್ನಾಟಕವೂ ಸೇರಿದಂತೆ ಅನೇಕ ರಾಜ್ಯಗಳಲ್ಲಿ ಮತ್ತೆ ತಲೆಯೆತ್ತಿದೆ. ಅದೇ ಹುಳುವನ್ನು ಅಮೆರಿಕದವರು ದಶಕಗಳ ಸಂಘಟಿತ ಪ್ರಯತ್ನದಿಂದ ತಮ್ಮ ಹತ್ತಿಸೀಮೆಯಿಂದ ನಿರ್ಮೂಲಗೊಳಿಸಿದ್ದೇವೆಂದು 2018ರಲ್ಲಿ ಸಾರಿದರು. ಒಬ್ಬ ರೈತನು ಗಿಡಗಳನ್ನು ಕಿತ್ತು, ನೆರೆಯವನು ಬಿಟ್ಟರೆ ಪ್ರಯೋಜನವಿಲ್ಲ. ಊರೆಲ್ಲ ಕೂಡಿ ಮಾಡಿದರೆ ಮಾತ್ರ ಹುಳುವಿಗೆ ಉಪವಾಸ.

ಹಾಗೆಂದು ಬಾಗಿಲನ್ನು ಸಂಪೂರ್ಣವಾಗಿ ಮುಚ್ಚುವುದೂ ಸರಿಯಲ್ಲ. ಧಾರವಾಡದ ಸಂಶೋಧನಾ ಕ್ಷೇತ್ರದಲ್ಲಿ ಕಟರಕಿ ಅವರು 1972ರಲ್ಲಿ ಹೊರತಂದ ವರಲಕ್ಷ್ಮಿ ಹತ್ತಿಯ ತಾಯಿತಂದೆಗಳೆರಡೂ ಮೂಲತಃ ಅಮೆರಿಕ ಖಂಡದ ಹತ್ತಿಯ ಜಾತಿಗಳಿಗೆ ಸೇರಿದವು. ಹೊರಗಿನ ಬೀಜಗಳು ಬಾರದಿದ್ದರೆ ಆ ಸಂಪತ್ತು ನಮಗೆ ದೊರೆಯುತ್ತಿರಲಿಲ್ಲ. ಕ್ವಾರಂಟೈನ್ ಎಂಬುದು ಗೋಡೆಯಲ್ಲ, ಜರಡಿ. ಒಳ್ಳೆಯದು ಬರಬೇಕು, ಕೆಟ್ಟದ್ದು ಹೊರಗೇ ನಿಲ್ಲಬೇಕು.

ವಿದ್ಯಾರ್ಥಿಗಳಾದ ನಾವು ಲೆಫ್ರಾಯ್ ಅವರ ಜೀವನದಿಂದ ಕಲಿಯಬೇಕಾದುದು ಮುಖ್ಯವಾಗಿ ಎರಡು. ಸಣ್ಣದೆಂದು ಯಾವುದನ್ನೂ ಕಡೆಗಣಿಸದೆ ತಾಳ್ಮೆಯಿಂದ ಗಮನಿಸುವುದು ಒಂದು. ನಿಯಮಗಳ ಹಿಂದಿನ ಕಾರಣವನ್ನು ಅರಿತು ಪಾಲಿಸುವುದು ಇನ್ನೊಂದು. ವಿದೇಶದಿಂದ ಬರುವ ಬಂಧುಗಳು ಒಂದು ಹಣ್ಣನ್ನೋ, ಹೂವಿನ ಗಡ್ಡೆಯನ್ನೋ, ಹಿಡಿ ಬೀಜವನ್ನೋ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ತರುವುದುಂಟು. ಅದರಲ್ಲಿ ಏನು ಮಹಾದೋಷವೆಂದು ತೋರಬಹುದು. ಆದರೆ ಎರಡು ಬೀಜಗಳ ನಡುವೆ ಮಲಗಿದ ಒಂದು ಮರಿಹುಳುವು ಖಂಡಖಂಡಾಂತರಗಳ ಹೊಲಗಳನ್ನು ಹಾಳುಮಾಡಿದ ಕಥೆಯನ್ನು ತಿಳಿದ ನಾವು, ವಿಮಾನನಿಲ್ದಾಣದ ತಪಾಸಣೆಯವರನ್ನು ತೊಡಕೆಂದು ಹಳಿಯದೆ, ರಾಯಚೂರಿನ ಯಾವುದೋ ಹೊಲದ ಕಾವಲುಗಾರರೆಂದು ಗೌರವಿಸೋಣ.