ಹಳಿಗಳ ಲೆಕ್ಕ ಬಿಡಿಸಿದ ಕಾಂಟೊರೊವಿಚ್

ಲಿಯೊನಿಡ್ ಕಾಂಟೊರೊವಿಚ್ 1912ರ ಜನವರಿ 19ರಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಜನಿಸಿದರು. ಹತ್ತು ವರ್ಷದವರಿದ್ದಾಗ ತಂದೆ ತೀರಿಕೊಂಡರು. 14ನೇ ವಯಸ್ಸಿಗೆ ವಿಶ್ವವಿದ್ಯಾಲಯ ಸೇರಿ, 22ಕ್ಕೆ ಪ್ರೊಫೆಸರ್ ಆದರು. (ನಾವು 17ಕ್ಕೆ ಇನ್ನೂ ಟ್ರಯಲ್ ಬ್ಯಾಲೆನ್ಸ್ ಹೊಂದಿಸುತ್ತಿದ್ದೇವೆ!)

1938ರಲ್ಲಿ ಪ್ಲೈವುಡ್ ತಯಾರಿಸುವವರು ಅವರ ಬಳಿ ಒಂದು ಸಮಸ್ಯೆ ತಂದರು. ಹಲವು ಯಂತ್ರಗಳು, ಹಲವು ಜಾತಿಯ ಮರ. ಯಾವ ಯಂತ್ರಕ್ಕೆ ಯಾವ ಮರ ಕೊಟ್ಟರೆ ಹೆಚ್ಚು ಮಾಲು ಬರುತ್ತದೆ? ಇದಕ್ಕೆ ಅವರು ಕಂಡುಹಿಡಿದ ದಾರಿ 1939ರಲ್ಲಿ ಚಿಕ್ಕ ಪುಸ್ತಕವಾಯಿತು. ದ್ವಿತೀಯ ಪಿಯುಸಿ ಗಣಿತದಲ್ಲಿ ಬರುವ ಲೀನಿಯರ್ ಪ್ರೋಗ್ರಾಮಿಂಗ್ ಅದೇ.

ಆಮೇಲೆ ಗವೂರಿನ್ ಎಂಬ ಗಣಿತಜ್ಞರ ಜೊತೆ ಸೇರಿ ರೈಲ್ವೆಯ ಸರಕು ಸಾಗಣೆಗೆ ಕೈಹಾಕಿದರು. ಯಾವ ಗಣಿಯ ಕಲ್ಲಿದ್ದಲು ಯಾವ ಊರಿಗೆ, ಯಾವ ಮಾರ್ಗವಾಗಿ ಹೋಗಬೇಕು? ಹತ್ತಿರದ ಗಣಿಯಿಂದ ತರಿಸಿದರಾಯಿತು ಎನಿಸುತ್ತದೆ. ಆದರೆ ಆ ಗಣಿ ಬಿಟ್ಟರೆ ಬೇರೆ ಗತಿಯಿಲ್ಲದ ಊರೂ ಇರಬಹುದು. ಅವರು ಪ್ರತಿ ನಿಲ್ದಾಣಕ್ಕೂ ಒಂದು ಅಂಕೆ ಕೊಟ್ಟರು. ಅದನ್ನು ಅಲ್ಲಿ ಮಾಲಿನ ಬೆಲೆ ಎಂದುಕೊಳ್ಳಿ. ಮಾಲು ಸಾಗುವ ಮಾರ್ಗದಲ್ಲಿ ಎರಡು ತುದಿಯ ಅಂಕೆಗಳ ಅಂತರ ಸಾಗಣೆ ಖರ್ಚಿಗೆ ಸಮನಾಗಿರಬೇಕು, ಬೇರೆ ಯಾವ ಮಾರ್ಗದಲ್ಲೂ ಖರ್ಚನ್ನು ಮೀರಬಾರದು. ಹಾಗಿದ್ದರೆ ಅದಕ್ಕಿಂತ ಅಗ್ಗದ ಯೋಜನೆ ಇಲ್ಲವೇ ಇಲ್ಲ. ವ್ಯಾಪಾರದ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡು ಮಂಡಿಗಳ ದರದ ಅಂತರ ಲಾರಿ ಬಾಡಿಗೆಗಿಂತ ಹೆಚ್ಚಿದ್ದರೆ ಮಾಲು ಆ ಕಡೆ ಹೊರಡುತ್ತದೆ, ಅಲ್ಲವೇ?

ಆದರೆ ಸೋವಿಯತ್ ದೇಶದಲ್ಲಿ ಮೌಲ್ಯ ಹುಟ್ಟುವುದು ಶ್ರಮದಿಂದ ಮಾತ್ರ ಎಂಬುದು ಸರ್ಕಾರದ ಸಿದ್ಧಾಂತ. ಕೊರತೆಯಿಂದಲೂ ಬೆಲೆ ಬರುತ್ತದೆ ಎಂದು ತೋರಿಸುವ ಲೆಕ್ಕ ಸ್ಟಾಲಿನ್ ಕಾಲದಲ್ಲಿ ಅಪಾಯದ ಮಾತಾಗಿತ್ತು. 1940ರಲ್ಲೇ ಬರೆದಿದ್ದ ರೈಲ್ವೆ ಲೇಖನ ಅಚ್ಚಾಗಿದ್ದು 1949ರಲ್ಲಿ. 1942ರಲ್ಲಿ ಬರೆದ ಅರ್ಥಶಾಸ್ತ್ರದ ಪುಸ್ತಕ 1959ರವರೆಗೆ ಕಾಯಿತು. ಅಷ್ಟು ವರ್ಷ ಅವರು ಗಣಿತದ ಬೇರೆ ಕೆಲಸ ಮಾಡುತ್ತಾ ಕಾದರು. ನನಗೆ ನೊಬೆಲ್‌ಗಿಂತ ಈ ತಾಳ್ಮೆಯೇ ದೊಡ್ಡದೆನಿಸುತ್ತದೆ.

ಯುದ್ಧದಲ್ಲಿ ಲೆನಿನ್‌ಗ್ರಾಡ್ ಮುತ್ತಿಗೆಗೆ ಸಿಕ್ಕಿದಾಗ, ಹೆಪ್ಪುಗಟ್ಟಿದ ಲಡೋಗಾ ಸರೋವರದ ಮೇಲೆ ಲಾರಿಗಳು ಆಹಾರ ತರುತ್ತಿದ್ದವು. ಮಂಜುಗಡ್ಡೆಯ ದಪ್ಪ ಮತ್ತು ಚಳಿ ನೋಡಿ ಲಾರಿಗಳ ನಡುವೆ ಎಷ್ಟು ಅಂತರವಿರಬೇಕೆಂದು ಲೆಕ್ಕ ಹಾಕಿದವರಲ್ಲಿ ಇವರೂ ಒಬ್ಬರು.

1975ರಲ್ಲಿ ಕೂಪ್‌ಮನ್ಸ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. 1986ರ ಏಪ್ರಿಲ್ 7ರಂದು ಮಾಸ್ಕೋದಲ್ಲಿ ನಿಧನರಾದರು.

ಈಗ ಹಲವು ದೇಶಗಳಲ್ಲಿ ಈ ಗಣಿತ ರೈಲ್ವೆ ಕಂಟ್ರೋಲ್ ರೂಮಿನ ಕೆಲಸಕ್ಕೂ ಬಂದಿದೆ. ಒಂದು ಗಾಡಿ ತಡವಾದರೆ ಯಾವುದನ್ನು ಲೂಪ್ ಲೈನಿನಲ್ಲಿ ನಿಲ್ಲಿಸಬೇಕು, ಯಾವುದನ್ನು ಮುಂದೆ ಬಿಡಬೇಕು? ಒಂದೇ ಹಳಿಯ ತುಂಡಿನಲ್ಲಿ ಏಕಕಾಲಕ್ಕೆ ಎರಡು ಗಾಡಿ ಇರಬಾರದು, ಒಟ್ಟು ವಿಳಂಬ ಕನಿಷ್ಠವಾಗಬೇಕು. ಇಲ್ಲಿ ಅರ್ಧ ನಿಲ್ಲಿಸುವುದು ಎಂಬುದಿಲ್ಲ, ಪ್ರತಿ ಉತ್ತರವೂ ಹೌದು ಅಥವಾ ಇಲ್ಲ. ಅದಕ್ಕೇ ಲೆಕ್ಕ ಪ್ಲೈವುಡ್‌ಗಿಂತ ಬಹಳ ಕಠಿಣ. ಗಾಡಿಗಳು ಓಡುತ್ತಲೇ ಇರುವುದರಿಂದ, ಅತ್ಯುತ್ತಮ ಉತ್ತರಕ್ಕೆ ಕಾಯದೆ ಕೆಲವು ನಿಮಿಷಗಳೊಳಗೆ ಸಿಕ್ಕ ಒಳ್ಳೆಯ ಉತ್ತರವನ್ನೇ ಕಂಪ್ಯೂಟರ್ ಎಷ್ಟೋ ಸಲ ಕೊಟ್ಟುಬಿಡುತ್ತದೆ.