ಮಿಠಾಯಿ ಅಂಗಡಿಯ ಅತಿಥಿ

ಮುಂಡಗೋಡಿನ ಟಿಬೇಟಿಯನ್ ವಸತಿಯ ಕಡೆಗೆ ನಾನು ಆಗಾಗ ಹೋಗುವುದುಂಟು. ಅಲ್ಲಿಯ ಚಿಕ್ಕ ಉಪಾಹಾರಗೃಹಗಳಲ್ಲಿ ಉಗಿಪಾತ್ರೆಯ ಮುಚ್ಚಳ ತೆಗೆದೊಡನೆ ಹಬೆಯ ನಡುವೆ ಕಾಣುವ ಬಿಳಿಯ ಮೊಮೊಗಳನ್ನು ನೋಡಿ ನಮ್ಮ ಚೌತಿಯ ಕಡುಬು ನೆನಪಾಗುವುದು ಸಹಜ. ಅದರ ಬೆನ್ನಿಗೇ, ನಾನು ಎಂದೂ ಕಾಣದ ಟೋಕಿಯೋದ ಮಿಠಾಯಿ ಅಂಗಡಿಯೊಂದು ನೆನಪಿಗೆ ಬರುತ್ತದೆ. ತಾಯ್ನಾಡು ತೊರೆದು ಬಂದವರಿಗೆ ನಮ್ಮ ಕಾಡಿನ ಸೀಮೆ 1966ರಲ್ಲಿ ನೆಲೆ ಕೊಟ್ಟಿತು. ಅದಕ್ಕೂ ಅರ್ಧ ಶತಮಾನ ಹಿಂದೆ, ತಾಯ್ನಾಡು ತೊರೆದ ನಮ್ಮವರೊಬ್ಬರಿಗೆ ಆ ಅಂಗಡಿ ನೆಲೆ ಕೊಟ್ಟಿತ್ತು. ಅವರು ರಾಸಬಿಹಾರಿ ಬೋಸರು.

ಬೋಸರು ಬಂಗಾಳದಲ್ಲಿ 1886ರಲ್ಲಿ ಹುಟ್ಟಿದವರು. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಹೆಡ್ ಕ್ಲಾರ್ಕರಾಗಿದ್ದರು. ಸಾಗವಾನಿಯ ನೆರಳಿನಲ್ಲಿ ಬಾಳುವ ನಮಗೆ ಅರಣ್ಯ ಇಲಾಖೆಯ ಗುಮಾಸ್ತರೆಂದರೆ ಎಂತಹ ಸಾಧು ಚಿತ್ರ ಕಣ್ಣಮುಂದೆ ನಿಲ್ಲುವುದು! ಆದರೆ 1912ರ ಡಿಸೆಂಬರ 23ರಂದು ದಿಲ್ಲಿಯಲ್ಲಿ ಆನೆಯ ಮೇಲೆ ಮೆರವಣಿಗೆ ಹೊರಟಿದ್ದ ವೈಸರಾಯ ಹಾರ್ಡಿಂಜನ ಮೇಲೆ ಬಿದ್ದ ಬಾಂಬಿನ ಹಿಂದೆ ಇದ್ದವರು ಈ ಗುಮಾಸ್ತರೇ. ವೈಸರಾಯನು ಗಾಯಗೊಂಡು ಬದುಕಿದನು. ಬೋಸರು ಊರಿಗೆ ಮರಳಿ ಎಂದಿನಂತೆ ಕಚೇರಿಗೆ ಹೋದರು. ಸಾಲದುದಕ್ಕೆ ಆ ಕೃತ್ಯವನ್ನು ಖಂಡಿಸುವ ಸಭೆಯನ್ನೂ ಕೂಡಿಸಿದರು. ಮುಂದೆ 1915ರ ಸೈನಿಕ ದಂಗೆಯ ಯತ್ನ ಮುರಿದುಬಿದ್ದಾಗ, ಕವಿ ಟಾಗೋರರ ಬಂಧುವೆಂದು ಹೆಸರು ಬದಲಿಸಿಕೊಂಡು ಹಡಗು ಹತ್ತಿ ಜಪಾನು ಸೇರಿದರು.

ಜಪಾನಾದರೋ ಆಗ ಆಂಗ್ಲರ ಮಿತ್ರರಾಷ್ಟ್ರ. ವರ್ಷ ಮುಗಿಯುವುದರೊಳಗೆ ಗಡೀಪಾರಿನ ಆಜ್ಞೆ ಹೊರಟಿತು. ವೃತ್ತಪತ್ರಿಕೆಯಲ್ಲಿ ಇದನ್ನು ಓದಿ ಮರುಗಿದವರು ಶಿಂಜುಕುವಿನ ನಾಕಾಮುರಾಯಾ ಅಂಗಡಿಯ ಯಜಮಾನ ಸೋಮಾ ಐಜೊ. ಬ್ರೆಡ್ಡು ಬೇಯಿಸಿ ಮಾರುವ ವರ್ತಕನಿಗೆ ರಾಜಕಾರಣದ ಗೊಡವೆ ಏಕೆ ಎಂದು ನಾವು ಕೇಳಬಹುದು, ಆತನು ಕೇಳಿಕೊಳ್ಳಲಿಲ್ಲ. ತೋಯಾಮಾ ಮಿತ್ಸುರು ಎಂಬ ಪ್ರಭಾವಶಾಲಿಯ ಮನೆಯ ಮುಂಬಾಗಿಲಲ್ಲಿ ಪೋಲೀಸರು ಕಾದಿರುವಾಗಲೇ ಬೋಸರು ಹಿಂಬಾಗಿಲಿನಿಂದ ಪಾರಾಗಿ ಅಂಗಡಿಯ ಹಿಂದಿನ ಚಿತ್ರಶಾಲೆಯಲ್ಲಿ ಅಡಗಿದರು. ಇಂಗ್ಲಿಷು ಬಲ್ಲ ಮನೆಯೊಡತಿ ಕೊಕ್ಕೊ ಅವರ ಯೋಗಕ್ಷೇಮ ನೋಡಿಕೊಂಡಳು. ಮುಂದೆ ಮಾರಾಟ ಎಂದಿನಂತೆ ಸಾಗುತ್ತಿತ್ತು. ಕೆಲಸದಾಳುಗಳಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಆ ಅಂಗಡಿಯ ತಿನಿಸುಗಳ ವಿಷಯ ಹೇಳದಿದ್ದರೆ ಕಥೆ ಅಪೂರ್ಣ. ಜಪಾನೀಯರ ಸಿಹಿಗೆ ಜೀವಾಳವೆಂದರೆ ಹೂರಣ. ನಾವು ಕಡಲೆಬೇಳೆಯನ್ನು ಬೇಯಿಸಿ ಬೆಲ್ಲ ಸೇರಿಸಿ ಅರೆಯುವಂತೆ ಅವರು ಅಜುಕಿ ಎಂಬ ಕೆಂಪು ಕಾಳನ್ನು ಸಕ್ಕರೆಯೊಡನೆ ಅರೆಯುತ್ತಾರೆ. ಅದನ್ನು ಹಿಟ್ಟಿನ ಕಣಕದಲ್ಲಿ ತುಂಬಿ ಉಗಿಯಲ್ಲಿ ಬೇಯಿಸಿದರೆ ಮಂಜು. ಕುಟ್ಟಿದ ಅಂಟಕ್ಕಿಯ ಮುದ್ದೆಯಲ್ಲಿ ಅಡಗಿಸಿದರೆ ದೈಫುಕು. ಗಟ್ಟಿಯಾಗಿಸಿ ಹಲ್ವದಂತೆ ಕತ್ತರಿಸಿದರೆ ಯೋಕಾನ್. ನಮ್ಮ ಶಂಕರಪಾಳಿಯನ್ನು ಕರಿಬೆಲ್ಲದ ಪಾಕದಲ್ಲಿ ಹೊರಳಿಸಿದಂತಹ ಕರಿಂತೊ ಬೇರೆ. ಪರದೇಶದ ಬ್ರೆಡ್ಡಿನೊಳಗೂ 1874ರಲ್ಲಿ ಟೋಕಿಯೋದ ಮತ್ತೊಂದು ಅಂಗಡಿ ಈ ಹೂರಣವನ್ನೇ ಸೇರಿಸಿತ್ತು. ಐಜೊ 1904ರಲ್ಲಿ ಹೂರಣದ ಬದಲು ಹಾಲುಮೊಟ್ಟೆಯ ಕೆನೆಯನ್ನು ತುಂಬಿ ಹೆಸರು ಗಳಿಸಿದನು. ಬಂದುದನ್ನು ಬರಮಾಡಿಕೊಂಡು ತನ್ನದಾಗಿಸಿಕೊಳ್ಳುವ ಗುಣ ಆ ಅಡಿಗೆಮನೆಯಲ್ಲಿಯೇ ಇದ್ದಿತು.

ಗಡೀಪಾರಿನ ಆಜ್ಞೆ 1916ರಲ್ಲಿ ರದ್ದಾಯಿತು, ಬೇಹಿನವರ ಕಾಟ ಮಾತ್ರ ತಪ್ಪಲಿಲ್ಲ. ಬೋಸರು ಮನೆಯಿಂದ ಮನೆಗೆ ಅಲೆದರು. ಅವರಿಗೆ ರಕ್ಷೆಯಾಗಲೆಂದು ತೋಯಾಮಾ ಸೂಚಿಸಿದಂತೆ ಸೋಮಾ ದಂಪತಿಗಳ ಹಿರಿಯ ಮಗಳು ತೋಷಿಕೊ 1918ರಲ್ಲಿ ಅವರ ಕೈಹಿಡಿದಳು. ಇಬ್ಬರು ಮಕ್ಕಳಾದರು. 1923ರಲ್ಲಿ ಬೋಸರು ಜಪಾನಿನ ಪ್ರಜೆಯಾದರು. ತಲೆಮರೆಸಿಕೊಳ್ಳುವ ಬಾಳು ಮುಗಿಯಿತೆನ್ನುವಷ್ಟರಲ್ಲಿ, 1925ರಲ್ಲಿ, ಮೂವತ್ತು ತುಂಬುವ ಮೊದಲೇ ತೋಷಿಕೊ ತೀರಿಕೊಂಡಳು. ಆಕೆಯ ತ್ಯಾಗ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಒಂದು ಸಾಲನ್ನೂ ಪಡೆಯದಿರುವುದು ನನಗೆ ವ್ಯಥೆಯ ಸಂಗತಿ.

ಸಮೀಪದಲ್ಲಿ ದೊಡ್ಡ ಮಳಿಗೆಯೊಂದು ತೆರೆದು ವ್ಯಾಪಾರ ಕುಗ್ಗುವ ಭಯವಾದಾಗ ಅಂಗಡಿಯವರು 1927ರ ಜೂನಿನಲ್ಲಿ ಉಪಾಹಾರಗೃಹ ತೆರೆದರು. ಅಲ್ಲಿ ಬೋಸರು ತಮ್ಮ ನಾಡಿನ ಕೋಳಿಸಾರನ್ನು ಅನ್ನದೊಡನೆ ಬಡಿಸುವ ಏರ್ಪಾಡು ಮಾಡಿದರು. ಜಪಾನೀಯರು ಅಲ್ಲಿಯತನಕ ತಿನ್ನುತ್ತಿದ್ದ ಕರಿ, ಆಂಗ್ಲರ ಕೈಯಿಂದ ಬಂದ, ಹಿಟ್ಟು ಕದಡಿದ ಮಂದ ಗೊಜ್ಜು. ತಮ್ಮ ಅಡಿಗೆಯನ್ನಾದರೂ ಅವರ ಕೈಯಿಂದ ಬಿಡಿಸಬೇಕೆಂಬುದು ಬೋಸರ ಹಟ. ಹತ್ತು ಹನ್ನೆರಡು ಸೆನ್ನಿಗೆ ಸಾಮಾನ್ಯ ಕರಿ ಸಿಗುತ್ತಿದ್ದಾಗ ಇದರ ಬೆಲೆ 80 ಸೆನ್. ಆದರೂ ಜನ ಮುಗಿಬಿದ್ದರು. ಅದೇ ವರ್ಷ ಚೀನಾದ ಬಗೆಯ, ಉಗಿಯಲ್ಲಿ ಬೆಂದ ಮಂಜುವೂ ಮಾರಾಟಕ್ಕೆ ಬಂದಿತು. ಮೊಮೊದ ಹಬೆ ನನ್ನನ್ನು ಅಲ್ಲಿಗೆ ಒಯ್ಯುವುದು ಇದರಿಂದಲೇ.

ಒಂದು ಮಾತನ್ನು ಮುಚ್ಚಿಡಲಾರೆ. ಒಂದು ಸಾಮ್ರಾಜ್ಯವನ್ನು ಕೆಡವಲು ಹೊರಟ ಬೋಸರು ಕೊರಿಯಾವನ್ನು ನುಂಗಿದ್ದ ಮತ್ತೊಂದು ಸಾಮ್ರಾಜ್ಯದ ಆಶ್ರಯದಲ್ಲಿ ನಿಂತಿದ್ದರು. ಅನ್ನವಿಟ್ಟ ಮನೆಯನ್ನು ಪ್ರಶ್ನಿಸುವುದು ಸುಲಭವಲ್ಲವೆಂದು ನಾನು ಬಲ್ಲೆ. ಆದರೂ ಆ ಕೊರತೆ ಕೊರತೆಯೇ. 1942ರಲ್ಲಿ ಅವರು ಭಾರತ ಸ್ವಾತಂತ್ರ್ಯ ಸಂಘದ ನಾಯಕರಾದರು. ಮರುವರ್ಷ ಸಿಂಗಾಪುರದಲ್ಲಿ ಆ ಹೊಣೆಯನ್ನು ಸುಭಾಷರಿಗೆ ಒಪ್ಪಿಸಿ ಬದಿಗೆ ಸರಿದರು.

ಕ್ಷಯದಿಂದ ಬಳಲಿ 1945ರ ಜನವರಿ 21ರಂದು ಟೋಕಿಯೋದಲ್ಲಿ ಅವರು ಕಣ್ಮುಚ್ಚಿದರು. ಕೆಲವೇ ತಿಂಗಳಲ್ಲಿ ಮಗ ಮಸಾಹಿದೆ ಓಕಿನಾವಾದ ಯುದ್ಧದಲ್ಲಿ ಜಪಾನಿನ ಸೈನಿಕನಾಗಿ ಮಡಿದನು. ಶಿಂಜುಕುವಿನಲ್ಲಿ ಇಂದಿಗೂ ನಾಕಾಮುರಾಯಾದವರು ಆ ಕೋಳಿಸಾರನ್ನು ಬಡಿಸುತ್ತಾರೆ.