ಪಾಲ್ ಲ್ಯಾಂಗರ್‌ಹ್ಯಾನ್ಸ್ (1847-1888): ಚರ್ಮದ ಕಾವಲು ಕೋಶಗಳನ್ನು ಕಂಡವರು

ಜರ್ಮನಿಯ ವೈದ್ಯವಿಜ್ಞಾನಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಅವರು 1847ರ ಜುಲೈ 25ರಂದು ಬರ್ಲಿನ್ ನಗರದಲ್ಲಿ ಜನಿಸಿದರು. 1868ರಲ್ಲಿ, ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿರುವಾಗಲೇ, ಮಾನವ ಚರ್ಮವನ್ನು ಗೋಲ್ಡ್ ಕ್ಲೋರೈಡ್‌ನಿಂದ ಸಂಸ್ಕರಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಅವರು ಹೊರಚರ್ಮದಲ್ಲಿ ಕವಲೊಡೆದ ಕೋಶಗಳನ್ನು ಕಂಡರು. ಆಕಾರವನ್ನು ನೋಡಿ ಅವುಗಳನ್ನು ನರಕೋಶಗಳೆಂದು ಭಾವಿಸಿದರು. ಮರುವರ್ಷ ಮೇದೋಜ್ಜೀರಕ ಗ್ರಂಥಿಯ ಕೋಶಪುಂಜಗಳನ್ನು ವಿವರಿಸಿದರು. ಇನ್ಸುಲಿನ್ ಸ್ರವಿಸುವ ಈ ಪುಂಜಗಳಿಂದಲೇ ಅವರ ಹೆಸರು ಹೆಚ್ಚು ಪರಿಚಿತ.

ಫ್ರೈಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ 1874ರಲ್ಲಿ ಕ್ಷಯರೋಗಕ್ಕೆ ತುತ್ತಾಗಿ, ಬೋಧನೆಯನ್ನು ತೊರೆದು ಮಡೀರಾ ದ್ವೀಪದ ಫುಂಚಾಲ್‌ನಲ್ಲಿ ನೆಲೆಸಿದರು. ಅಲ್ಲಿಯೂ ಸುಮ್ಮನಿರದೆ ಸಮುದ್ರದ ಹುಳುಗಳನ್ನು ಅಧ್ಯಯನ ಮಾಡಿದರು, ರೋಗಿಗಳಿಗೆ ಚಿಕಿತ್ಸೆ ನೀಡಿದರು. 41 ವರ್ಷ ತುಂಬಲು ಐದು ದಿನಗಳಿರುವಾಗ, 1888ರ ಜುಲೈ 20ರಂದು, ಮೂತ್ರಪಿಂಡದ ವೈಫಲ್ಯದಿಂದ ನಿಧನರಾದರು.

ಆ ಚರ್ಮಕೋಶಗಳು ನರಕ್ಕೆ ಸೇರಿದವಲ್ಲ, ರೋಗನಿರೋಧಕ ವ್ಯವಸ್ಥೆಗೆ ಸೇರಿದವು ಎಂಬುದು ಶತಮಾನದ ನಂತರ, 1970ರ ದಶಕದಲ್ಲಿ ತಿಳಿದುಬಂದಿತು. ಆದರೂ ಅವರ ಊಹೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಈ ಕೋಶಗಳು ಸಂವೇದನಾ ನರತಂತುಗಳಿಗೆ ತಾಗಿಕೊಂಡಿರುವುದು 1993ರಲ್ಲಿ ವರದಿಯಾಯಿತು. ಗಾಯ ಮಾಗಿದ ಮೇಲೂ ಕೈಕಾಲುಗಳಲ್ಲಿ ಉಳಿದುಬಿಡುವ ದೀರ್ಘಕಾಲೀನ ನೋವಿನ ಕಾರಣವನ್ನು ಅರಸುವ ಸಂಶೋಧಕರು ರೋಗಿಗಳ ಚರ್ಮದಲ್ಲಿ ಈ ಕೋಶಗಳನ್ನೂ ಎಣಿಸಿ ನೋಡಿದ್ದಾರೆ.